ತೋಟದ ಕಾವಲಿಗೆ ಕತ್ತಾಳೆಯ ಬೇಲಿ

ತೆಂಗಿನ ಸಸಿಯನ್ನು ನೆಡುವವರು ಗೊಬ್ಬರಕ್ಕಿಂತಲೂ ಮೊದಲು ಬೇಲಿಯ ವಿಚಾರವನ್ನು ಯೋಚಿಸತಕ್ಕದ್ದು. ಕುಣಿಗಲ್ ತಾಲ್ಲೂಕಿನ ಅಮೃತೂರು ಸೀಮೆಯಲ್ಲಿ ರಾಗಿಯ ಕೊಯ್ಲು ಮುಗಿದೊಡನೆ ದನಕುರಿಗಳನ್ನು ಬಯಲಿಗೆ ಬಿಡುವ ವಾಡಿಕೆಯುಂಟು. ಎಳೆಯ ಸಸಿಯ ಸುಳಿಯನ್ನು ಆಡು ಕಡಿದುಹೋದರೆ ಸಸಿಯೇ ಹೋದಂತೆ. ತೆಂಗಿಗೆ ಎರಡನೆಯ ಸುಳಿ ಇಲ್ಲ.

ಮುಳ್ಳಿರುವ ಗಿಡಗಳೆಲ್ಲವೂ ಬೇಲಿಗೆ ಯೋಗ್ಯವಲ್ಲ. ಬದುಗಳಲ್ಲಿ ತಾನಾಗಿಯೇ ಬೆಳೆಯುವ ಬ್ರಹ್ಮದಂಡೆಯು ಮೈಯೆಲ್ಲಾ ಮುಳ್ಳಾಗಿದ್ದರೂ ಗಿಡ್ಡನೆಯದಾದ್ದರಿಂದ ದನವನ್ನು ತಡೆಯಲಾರದು. ಹಿಂದೆ ಬೇಲಿಗೆಂದು ಬೆಳೆಸಿದ ಪಾಪಾಸುಕಳ್ಳಿಯು ದಕ್ಷಿಣ ಭಾರತದಲ್ಲಿ ಬೇಲಿಯನ್ನು ಮೀರಿ ಹೊಲಗಳನ್ನೇ ಆಕ್ರಮಿಸಿತು. ಕೊನೆಗೆ 1926ರಲ್ಲಿ ಶ್ರೀಲಂಕೆಯಿಂದ ತರಿಸಿದ ಒಂದು ಜಾತಿಯ ಹುಳುವು ಅದನ್ನು ಬಹುಮಟ್ಟಿಗೆ ನಾಶಮಾಡಿತು. ಬೇಲಿಯ ಗಿಡವು ಒಡೆಯನ ಅಂಕೆಯಲ್ಲಿರಬೇಕೆಂಬುದೇ ಇದರಿಂದ ತಿಳಿಯತಕ್ಕ ನೀತಿ.

ಈ ದೃಷ್ಟಿಯಿಂದ ಕತ್ತಾಳೆಯು ಉತ್ತಮವಾದುದು. ಅದು ಬರವನ್ನು ತಾಳುವುದು, ಕಲ್ಲುಭೂಮಿಯಲ್ಲಿಯೂ ಬೆಳೆಯುವುದು. ನೀರು ನಿಲ್ಲುವ ತಗ್ಗು ಮಾತ್ರ ಅದಕ್ಕಾಗದು. ತಾಯಿಗಿಡದ ಬುಡದಲ್ಲಿ ಏಳುವ ಮರಿಗಳನ್ನು ಕಿತ್ತು, ಮುಂಗಾರಿನ ಆರಂಭದಲ್ಲಿ ಬದುವಿನ ಮೇಲೆ ಸುಮಾರು 3 ಅಡಿಗೊಂದರಂತೆ ನೆಡಬೇಕು. ಎರಡು ಸಾಲು ನೆಡುವುದಾದರೆ ಒಂದು ಸಾಲಿನ ಸಂದಿಗೆ ಮತ್ತೊಂದು ಸಾಲಿನ ಗಿಡ ಬರುವಂತಿರಲಿ. ಗಿಡಗಳು ಬಲಿಯುವವರೆಗೆ ಹೊರಗಡೆ ಒಣಮುಳ್ಳಿನ ಬೇಲಿ ಅವಶ್ಯಕ. ಹೊಲದ ಕಡೆಗೆ ಹಬ್ಬುವ ಮರಿಗಳನ್ನು ಪ್ರತಿವರ್ಷವೂ ಕೀಳಬೇಕು. ಕತ್ತಾಳೆಯು ಅನೇಕ ವರ್ಷ ಬಾಳಿ, ಒಮ್ಮೆ ಮಾತ್ರ ಹೂಗಂಬವನ್ನೆತ್ತಿ ಸಾಯುವುದು. ಆ ಜಾಗವನ್ನು ತುಂಬಲು ಒಂದು ಮರಿಯನ್ನು ಮೊದಲೇ ಉಳಿಸಿಕೊಂಡಿರಬೇಕು.

ನೆರೆಹೊರೆಯವರೊಡನೆ ವ್ಯಾಜ್ಯವಾಗದಂತೆ ಎಲ್ಲೆಕಲ್ಲಿನಿಂದ ಒಳಕ್ಕೆ ಸರಿದು ನೆಡುವುದು ಲೇಸು. ದಾರಿಯ ಅಂಚಿನಲ್ಲಿ ಚೂಪಾದ ಎಲೆಯ ತುದಿಗಳನ್ನು ಕತ್ತರಿಸಿಬಿಡಬೇಕು. ಇಲ್ಲವಾದರೆ ಮಕ್ಕಳ ಕಣ್ಣಿಗೆ ಅಪಾಯವುಂಟು.

ಎಲೆಯ ನಾರಿನಿಂದ ಹಗ್ಗ, ಕಣ್ಣಿಗಳನ್ನು ಹೊಸೆಯಬಹುದು. ಆದರೆ 100 ಕಿಲೋ ಹಸಿ ಎಲೆಗೆ ದೊರೆಯುವ ನಾರು ಸುಮಾರು 3ರಿಂದ 4 ಕಿಲೋ ಮಾತ್ರವಾದುದರಿಂದ, ಇದನ್ನು ಉಪಲಾಭವೆಂದೇ ಎಣಿಸತಕ್ಕದ್ದು. ಎಲೆಯ ರಸವು ಮೈಗೆ ತಾಗಿದರೆ ನವೆಯೂ ಉರಿಯೂ ಆಗುವುವು. ಅದು ಮೀನುಗಳಿಗೆ ವಿಷ. ಆದಕಾರಣ ದನಗಳು ಕುಡಿಯುವ ಕೆರೆಕಟ್ಟೆಗಳಲ್ಲಿ ಎಲೆಗಳನ್ನು ಕೊಳೆಹಾಕದೆ, ಪ್ರತ್ಯೇಕವಾದ ಗುಂಡಿಯನ್ನು ತೋಡಿಸುವಂತೆ ಗ್ರಾಮದ ಮುಖಂಡರು ಏರ್ಪಾಡು ಮಾಡಬೇಕು. ಒಬ್ಬನ ಹಗ್ಗಕ್ಕಾಗಿ ಊರಿನ ನೀರು ಕೆಡಬಾರದು.

ಮುಂಗಾರಿಗೆ ಮುಂಚೆಯೇ ಬದುವನ್ನು ಸರಿಪಡಿಸಿ ಮರಿಗಳನ್ನು ಸಂಗ್ರಹಿಸಿಟ್ಟುಕೊಂಡವರಿಗೆ ಈ ಬೇಲಿಯ ಖರ್ಚು ಬಹುಪಾಲು ಮೈಗೆಲಸ ಮಾತ್ರ.