ಬಚ್ಚಲುಮನೆಯ ಜೀರ್ಣೋದ್ಧಾರ

ಮನೆಗೆ ಬಂದ ನೆಂಟರಿಗೆ ನಡುಮನೆಯನ್ನು ತೋರಿಸುವವರುಂಟು, ದೇವರಮನೆಯನ್ನು ತೋರಿಸುವವರುಂಟು; ಬಚ್ಚಲುಮನೆಯನ್ನು ಮಾತ್ರ ಯಾರೂ ತಾವಾಗಿ ತೋರಿಸುವುದಿಲ್ಲ. ಕೈಕಾಲು ತೊಳೆಯಲು ನೆಂಟರೇ ಎದ್ದಾಗ ಗೃಹಿಣಿಯ ಮುಖ ಚಿಕ್ಕದಾಗುತ್ತದೆ. ಒಡೆದ ನೆಲ, ತೊಟ್ಟಿಕ್ಕುವ ನಲ್ಲಿ, ಮೂಲೆಯಲ್ಲಿ ನಿಂತ ನೀರು, ಅದರ ಸುತ್ತ ಹಸಿರು ಪಾಚಿ—ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ ಇಂತಹ ಬಚ್ಚಲುಮನೆಗಳು ಇನ್ನೂ ಬೇಕಾದಷ್ಟಿವೆ. ಕಟ್ಟಿದ ಕಾಲದಲ್ಲಿ ಅವು ಹಂಡೆ, ಸೌದೆಯ ಒಲೆ, ಹಾಸುಗಲ್ಲುಗಳಿಗೆಂದೇ ಆದವು. ಆಮೇಲೆ ಗೀಸರ್ ಬಂತು, ಬಟ್ಟೆ ಒಗೆಯುವ ಯಂತ್ರ ಬಂತು. ಒಂದೊಂದು ಬಂದಾಗಲೂ ಗೋಡೆಗೆ ಒಂದೊಂದು ತೂತು ಬಿತ್ತು.

ನೆಂಟರ ಮುಂದೆ ಮರ್ಯಾದೆ ಹೋಗುವುದು ಇದರಲ್ಲಿ ಚಿಕ್ಕ ನಷ್ಟ. ಬಚ್ಚಲಿನ ನೀರು ಸದ್ದಿಲ್ಲದೆ ಗೋಡೆಯೊಳಕ್ಕೆ ಇಳಿದು, ಆಚೆ ಬದಿಯ ಕೋಣೆಯಲ್ಲಿ ಬಿಳಿಯ ಉಪ್ಪಾಗಿ ಹೊಮ್ಮಿ, ಗಾರೆಯನ್ನು ಹಪ್ಪಳದಂತೆ ಉದುರಿಸುತ್ತದೆ. ಮಹಡಿಯ ಮನೆಯಾದರೆ ಕೆಳಗಿನವರ ಸೂರಿನಲ್ಲಿ ಕಲೆ ಮೂಡಿ ನೆರೆಹೊರೆಯ ಸ್ನೇಹವೂ ಕೆಡುತ್ತದೆ. ಮನೆಯ ಹಿರಿಯರು ಪಾಚಿಯ ಮೇಲೆ ಕಾಲಿಟ್ಟು ಜಾರಿ ಸೊಂಟದ ಮೂಳೆ ಮುರಿದುಕೊಂಡರಂತೂ ಮತ್ತೆ ಮೊದಲಿನಂತೆ ನಡೆದಾರೆಂಬ ಭರವಸೆಯಿಲ್ಲ.

ಜೀರ್ಣೋದ್ಧಾರಕ್ಕೆ ಮನಸ್ಸು ಮಾಡಿದ ಯಜಮಾನರು ನೇರವಾಗಿ ಹೋಗುವುದು ಟೈಲ್ಸ್ ಅಂಗಡಿಗೆ. ಮೊದಲ ತಪ್ಪು ಅಲ್ಲಿಯೇ! ಹೂವಿನ ಚಿತ್ರದ ಟೈಲ್ಸಿಗೆ ಕೈಯಲ್ಲಿದ್ದ ಹಣದ ಅರ್ಧ ಕರಗಿದ ಮೇಲೆ, ನೀರು ತಡೆಯುವ ಲೇಪನಕ್ಕೆ ಹಣವಿಲ್ಲವೆಂದು ಅದನ್ನೇ ಕೈಬಿಡುತ್ತಾರೆ. “ಬಣ್ಣ ಆಮೇಲೆ ನೋಡೋಣ ಅಂದ್ರೆ, ಮೊದಲು ನೀರು ಯಾವ ಕಡೆ ಹರಿಯುತ್ತೆ ನೋಡಿ” ಎಂದು ಹೇಳುವ ಗೃಹಿಣಿಯಿದ್ದ ಮನೆ ಉಳಿಯಿತು.

ಆಕೆಯ ಮಾತನ್ನು ನಡೆಸಿಕೊಡುವುದಕ್ಕೆ ಕಾಸಿನ ಖರ್ಚೂ ಇಲ್ಲ. ನೆಲಕ್ಕೆ ಒಂದು ಬಕೆಟ್ ನೀರು ಸುರಿದು ನಿಂತು ನೋಡಿದರಾಯಿತು. ನೀರೆಲ್ಲ ತಾನಾಗಿ ತೂಬಿನ ಕಡೆ ಓಡಿದರೆ ನೆಲದ ಇಳುಕಲು ಸರಿಯಾಗಿದೆ. ಅಲ್ಲಲ್ಲಿ ಮಡುವಾಗಿ ನಿಂತರೆ ಇಲ್ಲ. ಬಚ್ಚಲಿನ ನೆಲಕ್ಕೆ 80ಕ್ಕೆ 1ರಷ್ಟು ಇಳುಕಲು ಸಾಕು, ಎಂದರೆ 7 ಅಡಿ ಉದ್ದಕ್ಕೆ ಸುಮಾರು 1 ಅಂಗುಲ. ಬಳಿಕ ಹಳೆಯ ಟೈಲ್ಸನ್ನು ಒಂದೊಂದಾಗಿ ನಾಣ್ಯದಿಂದ ಬಡಿದು ನೋಡಬೇಕು. ಗಟ್ಟಿ ಸದ್ದು ಬಂದು, ಇಳುಕಲೂ ಸರಿಯಿದ್ದು, ಎಲ್ಲಿಯೂ ನೀರು ಜಿನುಗದಿದ್ದರೆ ನೆಲವನ್ನು ಅಗೆಯಲೇಬೇಕಾಗಿಲ್ಲ. ಹಳೆಯದರ ಮೇಲೆಯೇ ಅಂಟುಗಾರೆಯಿಂದ ಹೊಸದನ್ನು ಕೂರಿಸಬಹುದು. ನೆಲ ಅರ್ಧ ಅಂಗುಲದಷ್ಟು ಏರುವುದರಿಂದ ಬಾಗಿಲಿನ ಅಡಿಯನ್ನು ಕೊಂಚ ಹೆರೆಸಬೇಕು, ತೂಬಿನ ಜಾಲರಿಯನ್ನು ಎತ್ತರಿಸಬೇಕು, ಅಷ್ಟೆ. ಟೊಳ್ಳು ಸದ್ದು ಬಂದಲ್ಲಿ ಮಾತ್ರ ಈ ಆಸೆ ಬೇಡ.

ಅಗೆಯಲೇಬೇಕಾದರೆ ಉಳಿ, ಸುತ್ತಿಗೆ ಹಿಡಿದು ಮನೆಯವರೇ ಅಗೆಯಬಹುದು. ಕಣ್ಣಿಗೆ ಕನ್ನಡಕವಿರಲಿ, ವಿದ್ಯುತ್ತನ್ನು ಮೊದಲೇ ನಿಲ್ಲಿಸಿರಲಿ, ಕೊಳಾಯಿ ಯಾವ ದಾರಿಯಲ್ಲಿ ಹೋಗಿದೆಯೆಂದು ಗೋಡೆಯ ಮೇಲೆ ಗೆರೆ ಎಳೆದಿರಲಿ. ಕಸ ಹೊರುವ ಕೆಲಸಕ್ಕೆ ಕಾಲೇಜು ಓದುವ ಮಗನನ್ನು ಹಚ್ಚಬಹುದು, ಅವನು ಸಿಕ್ಕಿದರೆ. ಇಳುಕಲು ಕೊಟ್ಟು ನೆಲ ಹಾಕುವುದು ಮಾತ್ರ ರಸಮಟ್ಟ ಹಿಡಿದು ಕೈ ಪಳಗಿದ ಗಾರೆಯವನ ಕೆಲಸ. ಗೀಸರಿನ ತಂತಿಯ ಕೆಲಸವೂ ಬಲ್ಲವರಿಗೇ ಸೇರಿದ್ದು. ಇವೆರಡರ ಕೂಲಿಯಲ್ಲಿ ಚೌಕಾಸಿ ಮಾಡಿ ಲಾಭ ಪಡೆದವರಿಲ್ಲ.

ಗಾರೆ ಒಣಗಿದ ಮೇಲೆ ನೀರು ತಡೆಯುವ ಲೇಪನದ ಸರದಿ. ಸಿಮೆಂಟಿನೊಡನೆ ಕಲಸಿ ಬಳಿಯುವ ಲೇಪನ ಅಂಗಡಿಗಳಲ್ಲಿ ದೊರೆಯುತ್ತದೆ. ಸಾಮಾನ್ಯ ಕುಂಚದಿಂದ ಯಾರೂ ಬಳಿಯಬಹುದು. ಮೊದಲ ಸಲ ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯ ಸಲ ಅಡ್ಡಕ್ಕೆ. ನೆಲವಲ್ಲದೆ ಗೋಡೆಯ ಬುಡವನ್ನೂ 1 ಅಡಿಯವರೆಗೆ, ಸ್ನಾನ ಮಾಡುವ ಮೂಲೆಯಲ್ಲಿ ಆಳೆತ್ತರದವರೆಗೆ ಬಳಿಯಬೇಕು. ನೆಲ ಗೋಡೆಗಳು ಕೂಡುವ ಸಂದಿಯಲ್ಲಿ, ಕೊಳವೆಯ ಸುತ್ತ ಇನ್ನಷ್ಟು ಎಚ್ಚರ ಬೇಕು. ನೀರು ಕಳ್ಳನಂತೆ ನುಸುಳುವುದು ಅಲ್ಲಿಂದಲೇ. ಲೇಪನ ಪೂರ್ಣವಾಗಿ ಒಣಗಿದ ಬಳಿಕ ತೂಬನ್ನು ಬಿಗಿಯಾಗಿ ಮುಚ್ಚಿ, ನೆಲದಲ್ಲಿ 2 ಅಂಗುಲ ನೀರು ನಿಲ್ಲಿಸಿ, ಅದರ ಮಟ್ಟಕ್ಕೆ ಗೋಡೆಯಲ್ಲಿ ಗುರುತು ಹಾಕಿ, ಎರಡು ದಿನ ಬಿಡಬೇಕು. ಮಟ್ಟ ಇಳಿಯದೆ, ಆಚೆ ಗೋಡೆಯೂ ಕೆಳಗಿನ ಸೂರೂ ಒಣಗಿಯೇ ಇದ್ದರೆ ಟೈಲ್ಸ್ ಅಂಗಡಿಗೆ ಹೊರಡಬಹುದು. “ಇಷ್ಟು ದಿನ ಸ್ನಾನ ಎಲ್ಲಿ?” ಎಂದು ಮನೆಯಲ್ಲಿ ಗದ್ದಲವೇಳುವುದು ಖಂಡಿತ. ಗದ್ದಲಕ್ಕೆ ಹೆದರಿ ಈ ಎರಡು ದಿನಗಳನ್ನು ಉಳಿಸಿದವರು ಮರುವರ್ಷ ಅದೇ ನೆಲವನ್ನು ಮತ್ತೆ ಒಡೆದಿದ್ದಾರೆ.

ಈಗ ಲೆಕ್ಕ. 5 ಅಡಿಗೆ 7 ಅಡಿಯ ಬಚ್ಚಲಿನ ನೆಲ 35 ಚದರಡಿ. ನಾಲ್ಕು ಗೋಡೆಗಳ ಸುತ್ತಳತೆ 24 ಅಡಿ. 7 ಅಡಿ ಎತ್ತರಕ್ಕೆ ಟೈಲ್ಸ್ ಹಾಕಿದರೆ, ಎರಡೂವರೆ ಅಡಿ ಅಗಲದ ಬಾಗಿಲು ಕಳೆದು ಸುಮಾರು 150 ಚದರಡಿ. 4 ಅಡಿಗೆ ನಿಲ್ಲಿಸಿದರೆ 86 ಸಾಕು. ಸ್ನಾನದ ಮೂಲೆಯೊಂದನ್ನು ಪೂರ್ತಿ ಎತ್ತರಕ್ಕೆ ಹಾಕಿ, ಉಳಿದೆಡೆ 4 ಅಡಿಯ ಮೇಲೆ ತೇವ ತಾಳುವ ಬಣ್ಣ ಬಳಿದರೆ ಮೂರರಲ್ಲೊಂದು ಪಾಲಿನಷ್ಟು ಉಳಿಯುತ್ತದೆ. ಒಡೆಯುವುದಕ್ಕೂ ಕತ್ತರಿಸುವುದಕ್ಕೂ ನೂರಕ್ಕೆ ಹತ್ತರಂತೆ ಹೆಚ್ಚಿಗೆ ಕೊಳ್ಳಬೇಕು. ಆರು ತಿಂಗಳ ಬಳಿಕ ಅದೇ ಬಣ್ಣ ಸಿಗುವುದೆಂಬ ನಂಬಿಕೆ ಬೇಡ. ಗೋಡೆಗೆ ಯಾವುದೇ ಅಗ್ಗದ ಟೈಲ್ಸ್ ಆದೀತು. ನೆಲಕ್ಕೆ ಮಾತ್ರ ಒರಟು ಮೈಯುಳ್ಳ, ಜಾರದಂಥದ್ದೇ ಬೇಕು.

ಉಳಿದ ಹಣದಲ್ಲಿ ಹಿರಿಯರಿಗಾಗಿ ಒಂದು ಹಿಡಿಕಂಬಿಯನ್ನು 3 ಅಡಿ ಎತ್ತರದಲ್ಲಿ, ಬರಿಯ ಟೈಲ್ಸಿಗಲ್ಲ, ಇಟ್ಟಿಗೆಗೆ ತಲುಪುವ ತಿರುಪುಗಳಿಂದ ಬಿಗಿಸಬೇಕು. ಬಾಗಿಲು ಹೊರಕ್ಕೆ ತೆರೆಯುವಂತಿದ್ದರೆ ಲೇಸು. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಯಾರಾದರೂ ಬಿದ್ದರೆ, ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ.

ಇನ್ನು ಮೂಲೆಯ ತಾಮ್ರದ ಹಂಡೆ. ಮಾರಿದರೆ ಟೈಲ್ಸಿನ ಹಣ ಹುಟ್ಟುತ್ತದೆಂದು ಯಜಮಾನರ ಲೆಕ್ಕ; ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವುದು ಯಾವುದಕ್ಕೆ, ಗೀಸರಿಗೆಯೇ ಎಂದು ಅಜ್ಜಿಯ ಪ್ರಶ್ನೆ. ಎಷ್ಟೋ ಮನೆಗಳಲ್ಲಿ ಒಲೆಯನ್ನು ತೆಗೆದು, ಹಂಡೆಗೆ 2 ಅಡಿ ಚೌಕದ ಕಟ್ಟೆಯೊಂದನ್ನು ಬಿಟ್ಟುಕೊಟ್ಟು ರಾಜಿಯಾಗಿದ್ದಾರೆ. ಕಟ್ಟೆಗೂ ಅದೇ ಲೇಪನ ಬಳಿಯುವುದನ್ನು ಗಾರೆಯವನಿಗೆ ಮರೆಯದೆ ಹೇಳಬೇಕು.