ಕಾಣದ ಗೆಳೆಯರ ಆಟ

ಮನೆಯಲ್ಲಿ ರೇಡಿಯೋ ಇಟ್ಟುಕೊಂಡವರಿಗೆ ಕಾಣದವರ ಗೆಳೆತನವೇನೂ ಹೊಸದಲ್ಲ. ವಾರ್ತೆ ಓದುವವರ ದನಿ, ನಾಟಕದಲ್ಲಿ ಅಜ್ಜನ ಪಾತ್ರ ವಹಿಸುವವರ ಕೆಮ್ಮು, ಇವು ನಮಗೆ ಎಷ್ಟೋ ಮಂದಿ ನೆಂಟರ ದನಿಗಿಂತ ಹೆಚ್ಚು ಪರಿಚಿತ. ಅವರೇ ಎದುರಿಗೆ ಬಂದು ನಿಂತರೆ ಗುರುತು ಹಿಡಿಯಲಾರೆವು. ಆದರೂ ನಾಲ್ಕು ದಿನ ಆ ದನಿ ಕೇಳದೆ ಹೋದರೆ, ಅವರಿಗೆ ಮೈಗೆ ಹುಷಾರಿಲ್ಲವೋ ಏನೋ ಎಂದು ಮನಸ್ಸು ಕಳವಳಗೊಳ್ಳುತ್ತದೆ.

ವಿಡಿಯೋ ಆಟದ ವಿಷಯವನ್ನು ಇಲ್ಲಿಂದ ಆರಂಭಿಸುವುದಕ್ಕೆ ಕಾರಣವಿದೆ. ಆ ಆಟವಾಡುವ ಕೆಲವರನ್ನು, "ಈ ಹವ್ಯಾಸದಲ್ಲಿ ನೀವು ಋಣಿಯಾಗಿರುವುದು ಯಾವುದಕ್ಕೆ?" ಎಂದು ನಾನು ಕೇಳಿ ನೋಡಿದ್ದೇನೆ. ಗೆದ್ದ ಪಂದ್ಯಗಳ ಲೆಕ್ಕ ಒಪ್ಪಿಸುತ್ತಾರೆಂದು ಎಣಿಸಿದ್ದೆ, ಅದು ತಪ್ಪಾಯಿತು. ಹೆಚ್ಚಿನವರು ಹೇಳಿದ್ದು ತಾವು ಮುಖವನ್ನೇ ನೋಡದ ಜೊತೆಗಾರರ ಮಾತು.

ಮನೆಯ ಹಿರಿಯರಿಗೆ ಇದು ಕಾಣುವುದಿಲ್ಲ. ಅವರಿಗೆ ಕಾಣುವುದು ಮುಚ್ಚಿದ ಕೋಣೆ, ಹೊಳೆಯುವ ಪರದೆ, ಆರಿಹೋದ ಊಟ. ಅವರ ಗೊಣಗಾಟ ಸುಳ್ಳೆಂದು ನಾನು ಹೇಳುವುದಿಲ್ಲ. ಬಿಡಲಾಗದ ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ತನ್ನ ರೋಗಗಳ ಪಟ್ಟಿಗೆ ಸೇರಿಸಿತು. ಹಣವೊಡ್ಡಿ ಆಡುವ ಆಟಗಳ ಕಥೆಯಂತೂ ಬೇರೆಯೇ. ಅಂತರಜಾಲದಲ್ಲಿ ನಡೆಯುವ ಅಂಥವನ್ನು ನಿಷೇಧಿಸಿ ನಮ್ಮ ಸಂಸತ್ತು 2025ರಲ್ಲಿ ಕಾನೂನು ಮಾಡಿತು. ಅದು ಜೂಜು, ಅದರ ಪ್ರಸ್ತಾಪ ಇಲ್ಲಿ ಬೇಡ.

ಆಟಗಾರರು ನೆನೆಯುವ ಸಂಗತಿಗಳಲ್ಲಿ ಕೆಲವು ತೀರ ಸಣ್ಣವು. ಆಟವನ್ನು ಅರ್ಧಕ್ಕೆ ನಿಲ್ಲಿಸಿ, ನಾಳೆ ಅಲ್ಲಿಂದಲೇ ಮುಂದುವರಿಸಬಹುದೆಂಬುದು ಅದರಲ್ಲೊಂದು. ಇದರಲ್ಲೇನು ಹೆಚ್ಚುಗಾರಿಕೆ ಎನ್ನಬಹುದು. ಆದರೆ ಮೊದಮೊದಲ ಯಂತ್ರಗಳಿಗೆ ನೆನಪಿನ ಶಕ್ತಿಯೇ ಇರಲಿಲ್ಲ. ವಿದ್ಯುತ್ ಹೋದರೆ ಆಟವೂ ಹೋಯಿತು. 1986ರಲ್ಲಿ ಜಪಾನಿನಲ್ಲಿ 'ಡ್ರ್ಯಾಗನ್ ಕ್ವೆಸ್ಟ್' ಎಂಬ ಆಟ ಬಂದಿತು. ಅದರಲ್ಲಿ ರಾಜನ ಬಳಿಗೆ ಹೋಗಿ ಕೇಳಿದರೆ ಅವನು ಮಂತ್ರದಂಥ ಇಪ್ಪತ್ತು ಅಕ್ಷರಗಳನ್ನು ಹೇಳುತ್ತಿದ್ದ. ಆಟಗಾರನು ಎಲ್ಲಿಯವರೆಗೆ ಬಂದಿದ್ದಾನೆ, ಅವನ ಬಳಿ ಎಷ್ಟು ಹೊನ್ನಿದೆ ಎಂಬುದೆಲ್ಲ ಆ ಅಕ್ಷರಗಳಲ್ಲೇ ಅಡಗಿರುತ್ತಿತ್ತು. ಅವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಮಾರನೆಯ ದಿನ ಒಂದೂ ತಪ್ಪದೆ ಒಪ್ಪಿಸಬೇಕು. ಅವಸರದಲ್ಲಿ ಒಂದಕ್ಷರ ತಪ್ಪಿ ಬರೆದುಕೊಂಡ ಹುಡುಗನ ಗತಿಯೇನು! ಮರುವರ್ಷ ಬಂದ ಎರಡನೆಯ ಭಾಗದಲ್ಲಿ ಈ ಮಂತ್ರ ಐವತ್ತೆರಡು ಅಕ್ಷರಗಳವರೆಗೂ ಬೆಳೆಯಿತು. ಅದೇ 1987ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ 'ದಿ ಲೆಜೆಂಡ್ ಆಫ್ ಜೆಲ್ಡಾ' ಆಟದ ಪೆಟ್ಟಿಗೆಯೊಳಗೆ ನಾಣ್ಯದಗಲದ ಒಂದು ಬ್ಯಾಟರಿ ಇಟ್ಟಿದ್ದರು. ಯಂತ್ರ ಆರಿಸಿದರೂ ನೆನಪು ಅಳಿಯದಂತೆ ಅದು ಕಾಯುತ್ತಿತ್ತು. ಆ ಕಾಲದಲ್ಲಿ ಮಕ್ಕಳಾಗಿದ್ದವರು ಈಗ ನಡುವಯಸ್ಸಿನವರು. ಆ ಪುಟ್ಟ ಬ್ಯಾಟರಿಯನ್ನು ಅವರು ಹಳೆಯ ಮೇಷ್ಟರನ್ನು ನೆನೆದಂತೆ ನೆನೆಯುತ್ತಾರೆ.

ಇನ್ನು ಶರೀರದ ತೊಡಕುಳ್ಳವರ ಮಾತು. 2020ರಲ್ಲಿ ಬಂದ 'ದಿ ಲಾಸ್ಟ್ ಆಫ್ ಅಸ್' ಆಟದ ಎರಡನೆಯ ಭಾಗದಲ್ಲಿ ಅಂಥವರ ಅನುಕೂಲಕ್ಕಾಗಿ ಅರವತ್ತಕ್ಕಿಂತ ಹೆಚ್ಚು ಏರ್ಪಾಟುಗಳಿದ್ದವು. ಪರದೆಯ ಮೇಲಿನ ಬರಹವನ್ನು ಯಂತ್ರವೇ ಓದಿ ಹೇಳುತ್ತದೆ. ಹತ್ತಬೇಕಾದಲ್ಲಿ ಒಂದು ಸದ್ದು, ಬಗ್ಗಬೇಕಾದಲ್ಲಿ ಇನ್ನೊಂದು. ಕಣ್ಣು ಕಾಣದವರು ಈ ಸದ್ದುಗಳ ಜಾಡು ಹಿಡಿದು ಇಡೀ ಆಟವನ್ನು ಮುಗಿಸಿದರು. ಆಟದ ಕಥೆ ಬಹಳ ಕ್ರೂರ, ನನ್ನ ಮನಸ್ಸಿಗೆ ಒಪ್ಪುವಂಥದಲ್ಲ. ಆದರೆ ಕಿವಿಯೊಂದರಿಂದಲೇ ನಾಟಕ ನೋಡುವ ನಮ್ಮಂಥವರು ಈ ಕೌಶಲಕ್ಕೆ ತಲೆದೂಗಲೇಬೇಕು.

ಹೀಗೆ ದೇಹದ ಅಡ್ಡಿಯನ್ನು ಆಟ ಬದಿಗೆ ಸರಿಸಿದಾಗ ಏನಾಗುತ್ತದೆಂಬುದನ್ನು ನಾರ್ವೆಯ ಒಂದು ಮನೆಯವರು ತಿಳಿದರು. ತಿಳಿಯುವಾಗ ಹೊತ್ತು ಮೀರಿತ್ತು.

ಮಾಟ್ಸ್ ಸ್ಟೀನ್ ಎಂಬ ಹುಡುಗ 1989ರಲ್ಲಿ ಹುಟ್ಟಿದ. ಅವನಿಗೆ ಡುಷೆನ್ ಎಂಬ ಸ್ನಾಯುರೋಗ. ಹೆಚ್ಚಾಗಿ ಗಂಡುಮಕ್ಕಳಿಗೇ ಬರುವ ಈ ಕಾಯಿಲೆಯಲ್ಲಿ, ಸ್ನಾಯುಗಳನ್ನು ಗಟ್ಟಿಯಾಗಿಡುವ ಒಂದು ಪ್ರೋಟೀನನ್ನು ದೇಹ ತಯಾರಿಸಲಾರದು. ಕಾಲಿನ ಬಲ ಮೊದಲು ಕುಗ್ಗುತ್ತದೆ, ಆಮೇಲೆ ಕೈ, ಕೊನೆಗೆ ಉಸಿರಾಟ, ಹೃದಯ. ಮಾಟ್ಸ್ ಬಾಲ್ಯದಲ್ಲೇ ಗಾಲಿಕುರ್ಚಿ ಹಿಡಿದ. ಬೆಳೆದ ಮೇಲೆ ಅವನ ದಿನಗಳು ಕಂಪ್ಯೂಟರಿನ ಮುಂದೆ ಕಳೆದವು. ಕೊನೆಯ ಹತ್ತು ವರ್ಷಗಳಲ್ಲಿ ಅವನು ಆಡಿದ್ದು 15,000ದಿಂದ 20,000 ಗಂಟೆ ಎಂದು ಲೆಕ್ಕ. 2014ರ ನವೆಂಬರಿನಲ್ಲಿ ಅವನು ತೀರಿಕೊಂಡ. ಆಗ ವಯಸ್ಸು ಇಪ್ಪತ್ತೈದು. ಮಗ ಹೋದನೆಂಬ ದುಃಖದೊಡನೆ ತಂದೆತಾಯಿಯರಿಗೆ ಇನ್ನೊಂದು ಸಂಕಟವಿತ್ತು. ಅವನಿಗೆ ಗೆಳೆತನವೆಂದರೇನು, ಪ್ರೀತಿಯೆಂದರೇನು ತಿಳಿಯಲೇ ಇಲ್ಲವಲ್ಲ, ಇನ್ನೊಬ್ಬರ ಬದುಕಿಗೆ ತಾನೂ ಬೇಕಾದವನೆಂಬ ಅನುಭವವೇ ಆಗಲಿಲ್ಲವಲ್ಲ ಎಂದು ಅವರು ಕೊರಗುತ್ತಿದ್ದರು.

ಮಾಟ್ಸ್ ಅಂತರಜಾಲದಲ್ಲಿ ತನ್ನ ಬದುಕಿನ ಬಗ್ಗೆ ಆಗಾಗ ಬರೆಯುತ್ತಿದ್ದ. ಅದೇ ಸ್ಥಳದಲ್ಲಿ ತಂದೆ ಮಗನ ಮರಣವಾರ್ತೆ ಬರೆದು, ತಮಗೆ ಪತ್ರ ಹಾಕಬಹುದಾದ ವಿಳಾಸ ಕೊಟ್ಟರು. ಓದುವವರು ಯಾರಾದರೂ ಇದ್ದಾರೆಂಬ ಭರವಸೆ ಅವರಿಗಿರಲಿಲ್ಲ. ಪತ್ರಗಳು ಬರತೊಡಗಿದವು. ಒಂದರ ಹಿಂದೆ ಒಂದು, ಹಲವು ದೇಶಗಳಿಂದ, ಕೆಲವು ಬಹಳ ಉದ್ದವಾದ ಪತ್ರಗಳು. ಎಲ್ಲದರಲ್ಲೂ ಐಬೆಲಿನ್ ಎಂಬ ಹೆಸರು.

'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬುದು 2004ರಲ್ಲಿ ಆರಂಭವಾದ ಆಟ. ಅಲ್ಲಿ ಕಾಡು, ಊರು, ಹೆದ್ದಾರಿಗಳುಳ್ಳ ಒಂದು ಕಲ್ಪಿತ ನಾಡಿದೆ. ಸಾವಿರಾರು ಮಂದಿ ತಮ್ಮ ತಮ್ಮ ಮನೆಗಳಲ್ಲಿ ಕುಳಿತು ಏಕಕಾಲದಲ್ಲಿ ಅದರೊಳಗೆ ಓಡಾಡಬಹುದು. ಪ್ರತಿಯೊಬ್ಬರಿಗೂ ಒಂದು ವೇಷ, ಒಂದು ಹೆಸರು. ಅಕ್ಷರಗಳನ್ನು ಒತ್ತಿ ಒಬ್ಬರೊಡನೊಬ್ಬರು ಮಾತನಾಡುತ್ತಾರೆ. ಕೆಲವರಿಗೆ ಕಾದಾಟಕ್ಕಿಂತ ಈ ಮಾತುಕತೆಯೇ ಮುಖ್ಯ. ಮಾಟ್ಸ್ ಸೇರಿದ್ದ 'ಸ್ಟಾರ್‌ಲೈಟ್' ಎಂಬ ತಂಡ ಅಂಥದು. ಅಲ್ಲಿ ಅವನ ಹೆಸರು ಐಬೆಲಿನ್. ಗಾಲಿಕುರ್ಚಿಯ ಸಂಗತಿಯನ್ನು ಅವನು ಬಹುಕಾಲ ಯಾರಿಗೂ ಹೇಳಿರಲಿಲ್ಲ. ಬೆರಳು ಆಡುವಷ್ಟು ಕಾಲ ಅಲ್ಲಿ ಅವನೂ ಎಲ್ಲರಂತೆ ಒಬ್ಬ.

ಅವನಿಗೆ ಋಣಿಯಾದವರು ಯಾಕೆ ಋಣಿಯಾದರು? ನೆದರ್ಲೆಂಡ್ಸಿನ ಒಬ್ಬ ಹುಡುಗಿಯ ಹೆತ್ತವರು, ಓದು ಕೆಡುತ್ತದೆಂದು ಅವಳಿಗೆ ಆಟ ಬಿಡಿಸಿದರು. ಗೆಳೆಯರೆಲ್ಲ ಅಲ್ಲಿಯೇ ಇದ್ದ ಆ ಹುಡುಗಿ ಕುಗ್ಗಿಹೋದಳು. ಮಾಟ್ಸ್ ಅವಳ ಹೆತ್ತವರಿಗೇ ಕಾಗದ ಬರೆದು ಅವಳ ಪರವಾಗಿ ಮಾತನಾಡಿದ. ಡೆನ್ಮಾರ್ಕಿನ ಒಬ್ಬ ತಾಯಿಯ ಮಗನಿಗೆ ಆಟಿಸಂ. ಯಾರ ಬಳಿಯೂ ಬೆರೆಯಲಾರ, ಅಮ್ಮನನ್ನೂ ಅಪ್ಪಿಕೊಳ್ಳಲಾರ. ನೀವಿಬ್ಬರೂ ಒಟ್ಟಿಗೆ ಇಲ್ಲಿ ಆಡಿ ನೋಡಿ ಎಂದು ಮಾಟ್ಸ್ ಆಕೆಗೆ ಹೇಳಿದ. ತಾಯಿಯ ವೇಷವನ್ನು ಮಗನ ವೇಷ ಅಪ್ಪಿಕೊಂಡಿತು, ಮೊದಲು ಪರದೆಯ ಮೇಲೆ. ಆಮೇಲೆ ಮನೆಯಲ್ಲಿ. ಇದಾವುದೂ ಆಟದ ನಿಯಮಗಳ ಪುಸ್ತಕದಲ್ಲಿ ಇಲ್ಲ. ಇದಕ್ಕೆ ಅಂಕಗಳೂ ಇಲ್ಲ.

ಮಾಟ್ಸ್ ದೇವರಂಥ ಮನುಷ್ಯನೆಂದು ಭಾವಿಸಬೇಕಾಗಿಲ್ಲ. ಒಮ್ಮೊಮ್ಮೆ ಅವನು ಸಿಡುಕಿದ, ಗೆಳೆಯರ ಮನಸ್ಸನ್ನು ನೋಯಿಸಿದ. ಗೆಳೆತನವೆಂದ ಮೇಲೆ ಅದೂ ಇರುತ್ತದೆ.

ಅವನ ಅಂತ್ಯಕ್ರಿಯೆಗೆ ತಂಡದವರಲ್ಲಿ ಕೆಲವರು ಬೇರೆ ಬೇರೆ ದೇಶಗಳಿಂದ ಬಂದರು. ಪ್ರಯಾಣದ ವೆಚ್ಚ ಭರಿಸಲಾರದವರಿಗಾಗಿ ಉಳಿದವರು ಹಣ ಕೂಡಿಸಿ ಕೊಟ್ಟಿದ್ದರು. ಅವರಲ್ಲೊಬ್ಬರು ಎದ್ದು ನಿಂತು ಮಾತನಾಡಿದರು: ಈ ಹೊತ್ತಿಗೇ ನೆದರ್ಲೆಂಡ್ಸಿನ ಒಂದು ತರಗತಿಯಲ್ಲಿ, ಸ್ವೀಡನ್ನಿನ ಒಂದು ಪುಸ್ತಕಾಲಯದಲ್ಲಿ ಮಾಟ್ಸ್‌ಗಾಗಿ ಮೇಣದ ಬತ್ತಿ ಉರಿಯುತ್ತಿದೆಯೆಂದು ಅವರು ತಿಳಿಸಿದರು. ಮಗನ ಪರಿಚಯ ತಂದೆತಾಯಿಯರಿಗೆ ಆ ದಿನ ಅಪರಿಚಿತರಿಂದ ಆಯಿತು.

ಆಟದೊಳಗೆ ಆಡಿದ ಮಾತುಗಳನ್ನು ತಂಡದವರು ಉಳಿಸಿಟ್ಟಿದ್ದರು. ಅವು 42,000 ಪುಟಗಳಷ್ಟಿದ್ದವು. ಅವುಗಳ ಆಧಾರದ ಮೇಲೆ ಬೆಂಜಮಿನ್ ರೀ ಎಂಬ ನಿರ್ದೇಶಕರು ಮಾಡಿದ ಚಿತ್ರ 2024ರಲ್ಲಿ ತೆರೆಗೆ ಬಂದಿತು. ಒಂದು ಸಣ್ಣ ಸಂಗತಿ ಅದನ್ನು ನೋಡಿದವರ ಮನಸ್ಸಿನಲ್ಲಿ ನಿಲ್ಲುತ್ತದೆ. ಆಟಕ್ಕೆ ಇಳಿದೊಡನೆ ಮಾಟ್ಸ್ ಕಾದಾಟಕ್ಕೆ ಹೋಗುತ್ತಿರಲಿಲ್ಲ. ಮೊದಲು ತನಗಿಷ್ಟವಾದ ಹಾದಿಯಲ್ಲಿ, ಮರಗಳ ನಡುವೆ, ಸುಮ್ಮನೆ ಒಂದಷ್ಟು ಹೊತ್ತು ಓಡುತ್ತಿದ್ದ.