ಗುಣವಾಗದ ರೋಗಿಗೂ ಒಂದು ಮನೆ: ಫಾದರ್ ಮುಲ್ಲರ್ ಕಂಡುಕೊಂಡ ದೈವಕರೆ

ಮಂಗಳೂರಿನ ಕಂಕನಾಡಿ ಎಂದೊಡನೆ ಬಹುತೇಕರಿಗೆ ನೆನಪಾಗುವುದು ಫಾದರ್ ಮುಲ್ಲರ್ ಆಸ್ಪತ್ರೆ. ವೈದ್ಯಕೀಯ, ಹೋಮಿಯೋಪಥಿ ಮತ್ತು ನರ್ಸಿಂಗ್ ಶಿಕ್ಷಣವನ್ನೂ ನೀಡುತ್ತಿರುವ ಈ ಬೃಹತ್ ಸಂಸ್ಥೆಯ ಮೂಲವನ್ನು ಅರಸಿ ಹೊರಟರೆ ಸಿಗುವುದು ಒಂದು ಆಲದ ಮರ. ಅದರ ನೆರಳಿನಲ್ಲಿ ಬಡವರಿಗೆ ಗುಳಿಗೆ ಹಂಚುತ್ತಿದ್ದ ಒಬ್ಬ ಜರ್ಮನ್ ಪಾದ್ರಿ. ವಿಶೇಷವೆಂದರೆ, ಅವರನ್ನು ಮಂಗಳೂರಿಗೆ ಕಳುಹಿಸಿದ್ದು ಆಸ್ಪತ್ರೆ ಕಟ್ಟುವುದಕ್ಕಲ್ಲ.

ಕ್ರೈಸ್ತ ಸಂನ್ಯಾಸ ಜೀವನದಲ್ಲಿ 'ದೈವಕರೆ' ಎಂಬ ಮಾತಿಗೆ ದೊಡ್ಡ ಸ್ಥಾನವಿದೆ. ಆಕಾಶವಾಣಿಯಂತೆ ಒಮ್ಮೆ ಕೇಳಿಬರುವ ದನಿ ಅದು ಎಂದು ಹೊರಗಿನವರು ಭಾವಿಸುವುದುಂಟು. ಆದರೆ ಸಭೆಯೊಂದನ್ನು ಸೇರಿದವರು ಬಡತನ, ಬ್ರಹ್ಮಚರ್ಯ ಮತ್ತು ವಿಧೇಯತೆಯ ವ್ರತಗಳನ್ನು ಕೈಗೊಳ್ಳುತ್ತಾರೆ. ಎಲ್ಲಿ ನೆಲೆಸಬೇಕು, ಯಾವ ಕೆಲಸ ಮಾಡಬೇಕು ಎಂಬುದನ್ನು ಹಿರಿಯರು ನಿರ್ಧರಿಸುತ್ತಾರೆ. ಹೀಗಿರುವಾಗ ಕರೆಯ ಇನ್ನೊಂದು ಅರ್ಥ ತೆರೆದುಕೊಳ್ಳುವುದು ಅನಂತರವೇ: ಕಳುಹಿಸಿದ ಊರಿನಲ್ಲಿ ಕಣ್ಣಿಗೆ ಬಿದ್ದ ನೋವಿಗೆ ಏನು ಮಾಡಬೇಕು ಎಂಬ ಪ್ರಶ್ನೆಯ ರೂಪದಲ್ಲಿ.

1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ ಜನಿಸಿದ ಆಗಸ್ಟಸ್ ಮುಲ್ಲರ್ ಯೇಸುಸಭೆಯನ್ನು ಸೇರಿದರು. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಮೊದಲ ತಂಡದಲ್ಲಿ ಅವರೂ ಇದ್ದರು. 1880ರಲ್ಲಿ ಆರಂಭಗೊಂಡ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಬೋಧನೆ ಅವರ ಪಾಲಿಗೆ ಬಂದ ಕೆಲಸ. ತಾವು ಕಲಿತಿದ್ದ ಹೋಮಿಯೋಪಥಿಯನ್ನು ಅವರು ಮೊದಲು ವಿದ್ಯಾರ್ಥಿಗಳಿಗೆ, ಬಳಿಕ ಸುತ್ತಲಿನ ಬಡವರಿಗೆ ಬಳಸತೊಡಗಿದರು. ಅದೇ ಕಂಕನಾಡಿಯ 'ಬಡವರ ಹೋಮಿಯೋಪಥಿ ಔಷಧಾಲಯ'ವಾಯಿತು. ಔಷಧಗಳನ್ನು ಅಂಚೆಯ ಮೂಲಕ ಹೊರ ಊರುಗಳಿಗೂ ಮಾರಲಾಗುತ್ತಿತ್ತು. ಆ ಆದಾಯ ಸೇವಾಕಾರ್ಯಕ್ಕೆ ಆಸರೆಯಾಯಿತು.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಹೋಮಿಯೋಪಥಿ ಪರಿಣಾಮಕಾರಿ ಎನ್ನಲು ವಿಶ್ವಾಸಾರ್ಹ ವೈಜ್ಞಾನಿಕ ಪುರಾವೆಯಿಲ್ಲ. ಆದ್ದರಿಂದ ಮುಲ್ಲರ್ ಅವರ ಹಿರಿಮೆಯನ್ನು ಗುಳಿಗೆಗಳಲ್ಲಿ ಹುಡುಕಬೇಕಾಗಿಲ್ಲ. ಅದು ಇರುವುದು 1890ರಲ್ಲಿ ಅವರು ಕೈಗೊಂಡ ಮತ್ತೊಂದು ನಿರ್ಧಾರದಲ್ಲಿ.

ಆ ವರ್ಷ ಅವರು ಕುಷ್ಠರೋಗಿಗಳಿಗಾಗಿ ಆಶ್ರಯಧಾಮವೊಂದನ್ನು ತೆರೆದರು. ಈ ರೋಗಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿಯೇ ಗುರುತಿಸಿದ್ದರು. ಆದರೆ ಅದನ್ನು ಕೊಲ್ಲುವ ಮದ್ದು ಜಗತ್ತಿನ ಯಾವ ವೈದ್ಯನ ಬಳಿಯೂ ಇರಲಿಲ್ಲ. ಪಾಪದ ಫಲವೆಂಬ ನಂಬಿಕೆಯಿಂದಾಗಿ ರೋಗಿಗಳನ್ನು ಮನೆಯವರೇ ಹೊರಗಟ್ಟುತ್ತಿದ್ದರು. ಗುಣಪಡಿಸಲಾಗದ ಮನುಷ್ಯನಿಗೆ ಕೊಡಬಹುದಾದುದೇನು? ತಲೆಯ ಮೇಲೊಂದು ಸೂರು, ಹೊತ್ತಿಗೆ ಊಟ, ಹುಣ್ಣು ತೊಳೆದು ಬಟ್ಟೆ ಕಟ್ಟುವ ಕೈ, ಹೆಸರು ಹಿಡಿದು ಕರೆಯುವ ಒಬ್ಬ ಮನುಷ್ಯ. ಆಶ್ರಯಧಾಮ ಕೊಡಬಹುದಾಗಿದ್ದುದು ಇಷ್ಟನ್ನೇ.

ಅದೂ ಊರಿನಿಂದ ಪ್ರತ್ಯೇಕವಾದ ಜಾಗವೇ ಆಗಿತ್ತು, ನಿಜ. ಆದರೆ ಅಂದಿನ ಸರ್ಕಾರದ ದೃಷ್ಟಿಯೊಡನೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. 1898ರ ಕುಷ್ಠರೋಗಿಗಳ ಕಾಯ್ದೆಯು ನಿರ್ಗತಿಕ ರೋಗಿಯನ್ನು ಬಂಧಿಸಿ ಆಶ್ರಮಕ್ಕೆ ಸೇರಿಸುವ ಅಧಿಕಾರವನ್ನು ಆಡಳಿತಕ್ಕೆ ನೀಡಿತು. ಕಾನೂನು ರೋಗಿಯಿಂದ ಊರನ್ನು ಕಾಪಾಡಲು ಹೊರಟಿತು. ಮುಲ್ಲರ್ ರೋಗಿಯನ್ನೇ ಕಾಪಾಡಲು ಹೊರಟರು.

1902ರಲ್ಲಿ ಮಂಗಳೂರಿಗೆ ಪ್ಲೇಗ್ ಬಂದಾಗಲೂ ಅವರು ಹಿಂಜರಿಯಲಿಲ್ಲ. ಸೇವೆಯನ್ನು ಗುರುತಿಸಿದ ಬ್ರಿಟಿಷ್ ಸರ್ಕಾರ 1907ರಲ್ಲಿ ಕೈಸರ್-ಇ-ಹಿಂದ್ ಪದಕ ನೀಡಿತು. 1910ರ ನವೆಂಬರ್ 1ರಂದು ಅವರು ನಿಧನರಾದರು. ಸಂಸ್ಥೆ ಮಾತ್ರ ಉಳಿಯಿತು, ಬೆಳೆಯಿತು. 1985ರಲ್ಲಿ ಹೋಮಿಯೋಪಥಿ ಕಾಲೇಜು, 1999ರಲ್ಲಿ ಆಧುನಿಕ ವೈದ್ಯಕೀಯ ಕಾಲೇಜು ಆರಂಭವಾದವು.

ಕುಷ್ಠರೋಗಕ್ಕೆ ಮದ್ದು ಬಂದುದು 1940ರ ದಶಕದಲ್ಲಿ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆಯಿಂದ ಈಗ ಆರು ಅಥವಾ ಹನ್ನೆರಡು ತಿಂಗಳಲ್ಲಿ ರೋಗ ಸಂಪೂರ್ಣ ಗುಣವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ಆದರೆ 1898ರ ಕಾಯ್ದೆ ರದ್ದಾಗಲು 2016ರವರೆಗೆ ಕಾಯಬೇಕಾಯಿತು. ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತಿದ್ದ ಕಾನೂನುಗಳು ಬದಲಾದುದು 2019ರಲ್ಲಿ. ದೇಹದ ರೋಗಕ್ಕಿಂತ ಸಮಾಜದ ಅಂಜಿಕೆಗೆ ಆಯುಷ್ಯ ಹೆಚ್ಚು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಬಡವರ ಸೇವೆಯ ಕರೆ ಎಂದರೇನು ಎಂಬ ಪ್ರಶ್ನೆಗೆ ಕಂಕನಾಡಿಯ ಇತಿಹಾಸ ಕೊಡುವ ಉತ್ತರ ಸರಳವಾಗಿದೆ. ಮದ್ದು ಸಿಗುವವರೆಗೂ ರೋಗಿ ಕಾಯಬಲ್ಲನೇ ಹೊರತು, ಮನುಷ್ಯನೆನಿಸಿಕೊಳ್ಳಲು ಅಷ್ಟು ಕಾಲ ಕಾಯಲಾರ. ಮುಲ್ಲರ್ ಕೇಳಿಸಿಕೊಂಡದ್ದು ಅದನ್ನೇ.